ಮಾಫಾದ ಸಾಲ

ಮೌಲಾಸಾಬನ ಹತ್ತಿರ ತವರ ಇರಲಿಲ್ಲ. ಎರಡು ವರ್ಷದಿಂದ ಇರಲಿಲ್ಲ. ಆದರೂ ಕಲಾಯಿ ಮಾಡುವವರ ಕಪ್ಪು ಅವನ ಬೆರಳ ಸಂದಿಗಳಲ್ಲಿ ಹಾಗೇ ಕೂತಿತ್ತು. ಹಿತ್ತಲಲ್ಲಿ ಚಾದರ ಮರೆಮಾಡಿ ಅವನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದವರಲ್ಲಿ ಒಬ್ಬ ಆ ಕೈಯನ್ನು ಸೀಗೆಪುಡಿ ಹಾಕಿ ಉಜ್ಜುತ್ತಲೇ ಇದ್ದ.

“ಬಿಡೊ ಮಾರಾಯಾ,” ಎಂದ ಪಕ್ಕದ ಮನೆಯ ಬಳೆಗಾರ ಲಾಲಸಾಬ. “ಮೂವತ್ತು ವರ್ಷದ ಕಪ್ಪು ಅದು. ನಿನ್ನ ಸೀಗೀಪುಡಿಗೆ ಅಂಜತದೇನು?”

ಮಗ ದಸ್ತಗೀರ ಬಗ್ಗಿ ನೀರು ಹನಿಸುತ್ತಿದ್ದ. ಅಪ್ಪನ ಅಂಗಾಲುಗಳನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎಮ್ಮೆಯ ತೊಗಲಿನ ಹಾಗೆ ದಪ್ಪಗಟ್ಟಿದ್ದವು. ದೊಡ್ಡ ಹಂಡೆಯೊಳಗೆ ಇಳಿದು, ಮರಳು ಹಾಕಿ, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತ ಕಾಲಿನಿಂದಲೇ ತಿಕ್ಕಬೇಕಾದ ಕೆಲಸ ಅದು. ತಾಮ್ರ ಕೆಂಪಗಾಗುವ ತನಕ ತಿಕ್ಕಿ, ಇದ್ದಲಿನ ಕುಣಿಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಅರಿವೆಯಿಂದ ಒಂದು ಸುತ್ತು ಒರೆಸಿದರೆ ಹಂಡೆಯ ಹೊಟ್ಟೆ ಬೆಳ್ಳಗಾಗುತ್ತಿತ್ತು. ಜಪಾನಿನವರು ಮಲಾಯಾ ಹಿಡಿದ ಮೇಲೆ ತವರ ಬರುವುದು ನಿಂತಿತು. ಮಲಾಯಾ ಎಲ್ಲಿದೆಯೆಂದು ಮೌಲಾಸಾಬನಿಗೆ ಗೊತ್ತಿರಲಿಲ್ಲ. ತವರ ಅಲ್ಲಿಂದ ಬರುತ್ತಿತ್ತೆಂದು ಗೊತ್ತಾದದ್ದೂ ಅದು ನಿಂತ ಮೇಲೆಯೇ.

ಹಿಂದಿನ ದಿನ ಅವನು ಬಬಲೇಶ್ವರದಿಂದ ನಡೆದು ಬಂದಿದ್ದ. ಅಲ್ಲಿ ಸಿಕ್ಕ ಕೆಲಸವೆಂದರೆ ಎರಡು ತೂತು ಕೊಡಗಳಿಗೆ ತಗಡಿನ ತೇಪೆ. ಸಿಕ್ಕ ದುಡ್ಡನ್ನು ಬಸ್ಸಿಗೆ ಕೊಟ್ಟರೆ ಏನೂ ಉಳಿಯುವುದಿಲ್ಲವೆಂದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಿದಿ ಹೊತ್ತು ಸಾರವಾಡದ ಮೇಲಿಂದ ನಡೆದ. ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದು ಮಲಗಿದವನು ಬೆಳಗಿನ ನಮಾಜಿಗೆ ಏಳಲಿಲ್ಲ.

ಜೋರಾಪುರ ಪೇಟೆಯ ಆ ಮನೆ ಗಹಾಣದಲ್ಲಿತ್ತು. ಇಬ್ಬರು ಹೆಣ್ಣುಮಕ್ಕಳ ಲಗ್ನಕ್ಕೆಂದು ಮೂವತ್ತೊಂಬತ್ತನೆಯ ಇಸವಿಯಲ್ಲಿ ಮೌಲಾಸಾಬ ಸಾವಕಾರ ಬಸಗೊಂಡಪ್ಪನಿಂದ ಇನ್ನೂರೈವತ್ತು ರೂಪಾಯಿ ಎತ್ತಿದ್ದ. ತಿಂಗಳಿಗೆ ಐದರಂತೆ ಎಪ್ಪತ್ತೆರಡು ಕಂತು ಕಟ್ಟಬೇಕು. ಒಂದರ ಹಿಂದೊಂದು ಮೂರು ತಪ್ಪಿದರೆ ಮನೆ ಸಾವಕಾರನ ಕಬಜಾಕ್ಕೆ ಹೋಗಬೇಕು. ಐವತ್ತಾರು ಕಟ್ಟಿದ್ದ. ಫೆಬ್ರುವರಿಯದು ತಪ್ಪಿತು, ಮಾರ್ಚಿನದೂ ತಪ್ಪಿತು. ಈಗ ಏಪ್ರಿಲ್ ಮುಗಿಯಲು ಎರಡು ದಿನ ಉಳಿದಿತ್ತು.

ಸ್ನಾನ ಮುಗಿಯುವ ಹೊತ್ತಿಗೆ ಬಸಗೊಂಡಪ್ಪ ಬಂದ. ಚಪ್ಪಲಿ ಬೀದಿಯಲ್ಲೇ ಬಿಟ್ಟು, ಕಟ್ಟೆಯ ತುದಿಗೆ ಕೂತು, ರುಮಾಲಿನ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡ. ದಸ್ತಗೀರ ಒದ್ದೆ ಕೈಯಲ್ಲೇ ಹೊರಗೆ ಬಂದ.

“ಎಷ್ಟೊತ್ತಿಗೆ ಆತು?”

“ಬೆಳಗಾಮುಂಜಾನಿರಿ.”

“ಒಳ್ಳೆ ಮನಷ್ಯಾ. ನಮ್ಮ ಮನಿ ಹಂಡೇವು ಅವನ ಕೈಯಾಗ ಬೆಳ್ಳಿ ಆಗತಿದ್ದೂವು.” ಬಸಗೊಂಡಪ್ಪ ಓಣಿಯ ಕಡೆ ತಿರುಗಿದ. “ಇವತ್ತ ನಾ ಆ ಮಾತು ತಗಿಬಾರದು.”

“ನಾನ ತಗೀತೇನ್ರಿ ಸಾವಕಾರ್ರ. ಜಿನ್ನಿನ್ಯಾಗ ಹತ್ತಿ ಹೊರತೇನಿ, ಹದಿನಾಕು ರೂಪಾಯಿ ಪಗಾರ ಐತಿ. ಮುಂದಿನ ತಿಂಗಳದಿಂದ ಏಳೇಳು ಕಟ್ಟತೇನಿ. ತಪ್ಪಿದ್ದು ಮೂರೂ ವರ್ಷ ತುಂಬೂದ್ರಾಗ ತೀರಿಸ್ತೇನಿ. ನಾಡದು ಕಬಜಾಕ್ಕ ಬರಬ್ಯಾಡ್ರಿ. ಇಷ್ಟು ಸಾಕು.”

ಒಳಗಿನ ಅಳು ನಿಂತಿತು. ಬಾಗಿಲ ಹಿಂದೆ ಅವನ ತಾಯಿ ಸಕೀನಾ ಕಿವಿಗೊಟ್ಟು ಕೂತಿದ್ದಳು.

“ಬ್ಯಾರೆ ಯಾರದರ ಸಾಲ ಐತೇನು ನಿಮ್ಮಪ್ಪನ ಮ್ಯಾಲ?”

“ಒಂದು ದುಗ್ಗಾಣಿ ಇಲ್ರಿ.”

“ಸುಮ್ಮನ ಕೇಳಾಕತ್ತಿಲ್ಲ ತಮ್ಮಾ. ಹಿಂದ ಒಬ್ಬಂವಗ ನಾ ಹಿಂಗ ಕರುಣಾ ಮಾಡಿ ಬಿಟ್ಟೆ. ಅವಗ ಸಾಲ ಕೊಟ್ಟ ಮತ್ತೊಬ್ಬಾಂವ ಸದ್ದಿಲ್ಲದಂಗ ಕೋರ್ಟಿಗೆ ಹೋಗಿ ಮನಿ ಮ್ಯಾಲ ಜಪ್ತಿ ತಂದಾ. ನಾ ಬಾಗಲದಾಗ ನಿಂತು ಬಾಯಿ ತಕ್ಕೊಂಡು ನೋಡಿದೆ. ನನಗ ಈ ಮನಿ ಬ್ಯಾಡ. ಇಂಥಾವು ಇನ್ನೂ ಮೂರು ಅದಾವ ಕೊರಳಾಗ, ಒಂದಕ್ಕೂ ಬಾಡಿಗಿ ಬರಂಗಿಲ್ಲ. ನನಗ ರೊಕ್ಕ ಬೇಕು. ಬ್ಯಾರೆ ಸಾಲ ಇಲ್ಲಂದ್ರ ಹೋಗು, ನಿನ್ನ ಮಾತು ನಡೀಲಿ.”

“ಅಲ್ಲಾನ ಆಣಿ, ಇಲ್ರಿ.”

“ಆತು. ಮಣ್ಣಿಗೆ ನಾನೂ ಬರ್ತೇನಿ.”

ಒಳಗೆ ಸಕೀನಾ ಮತ್ತೆ ಅಳಲು ಶುರುಮಾಡಿದಳು. ಈ ಸಲ ಗಂಡನಿಗಾಗಿ ಮಾತ್ರ.

ಹನ್ನೊಂದರ ಸುಮಾರಿಗೆ ಅಬ್ದುಲಸಮದ ಸೇಠ ಬಂದ. ಪಲ್ಟಣಿನ ಬೂಟಿಗೆ ತೊಗಲು ಕಳಿಸಿ ಯುದ್ಧದ ನಾಲ್ಕು ವರ್ಷದಲ್ಲಿ ಮೂರು ಅಂಗಡಿ ಮಾಡಿದವನು; ಪೇಟೆಯ ಜಮಾತಿಗೆ ಹಿರಿಯ. ರೇಷನ್ ಕಚೇರಿಯಲ್ಲಿ ಹೆಣಕ್ಕೆ ಸುತ್ತುವ ಕಫನಿನ ಬಟ್ಟೆಗೆ ಚೀಟಿ ಸಿಗದೆ ಜನ ಅಲೆಯುತ್ತಿದ್ದ ಕಾಲ. ಸೇಠನ ಆಳು ಹನ್ನೆರಡು ಗಜ ಬಿಳಿ ಬಟ್ಟೆ ಹೊತ್ತು ತಂದ. ಓಣಿಯಲ್ಲಿ ಒಂದು ರುಮಾಲು ಹಾಸಿದರು. ಸೇಠ ಮೊದಲು ಹತ್ತು ರೂಪಾಯಿ ಹಾಕಿದ. ಮಧ್ಯಾಹ್ನದೊಳಗೆ ಗೋರಿಗೆ, ಮುಲ್ಲಾನಿಗೆ, ಮೂರನೆಯ ದಿನದ ಜಿಯಾರತಿನ ಊಟಕ್ಕೆ ಎಂದು ನಲವತ್ತು ರೂಪಾಯಿ ಕೂಡಿತು.

ಎದುರು ಮನೆಯ ಪೀರಾಂಬಿ ಹೆಂಗಸರ ನಡುವೆ ಕೂತು ಹೇಳಿದಳು: “ಐದು ರೂಪಾಯಿಗೆ ಎರಡು ತಿಂಗಳು ಊರು ತುಂಬ ತಿರಗ್ಯಾನ. ಇವತ್ತ ಸತ್ತಿದ್ದಕ್ಕ ನಲವತ್ತು ಬಂತು. ಮೊದಲ ಸತ್ತಿದ್ರ ಬದುಕತಿದ್ದಾ.”

“ಸುಮ್ಮನಿರ ಬೇ, ಕೇಳ್ಯಾರು.”

“ಕೇಳಲಿ. ನಂದೇನ ತೊಗಲಿನ ಅಂಗಡಿ ಐತಿ ಮುಚ್ಚಾಕ?”

*

ಫೆಬ್ರುವರಿಯಲ್ಲಿ ಮೌಲಾಸಾಬ ಸೇಠನ ಜಗಲಿ ಹತ್ತಿದ್ದ. ಜುಮ್ಮಾ ನಮಾಜಿನ ಮೇಲೆ ಸೇಠನ ಮನಸ್ಸು ಮೆತ್ತಗಿರುತ್ತದೆಂದು ಯಾರೋ ಹೇಳಿದ್ದರು. ದಸ್ತಗೀರ ಕೆಳಗೆ ಮೆಟ್ಟಿಲ ಹತ್ತಿರ ನಿಂತಿದ್ದ.

“ಗಹಾಣದ ಹಪ್ತೆ ಸೇಠರ. ಐದು ರೂಪಾಯಿ. ತವರ ಬಂದ ಕೂಡಲೆ ಕೆಲಸ ಮಾಡಿ ಮುಟ್ಟಸ್ತೇನಿ.”

ಸೇಠ ಚಹಾ ತರಿಸಿದ. ಬಸಿಯಲ್ಲಿ ಸುರಿದುಕೊಂಡು ಊದಿ ಕುಡಿದ. “ಐದು ಕೊಡೂದು ದೊಡ್ಡದಲ್ಲ ಮೌಲಾ. ಆದ್ರ ಅದು ಬಡ್ಡಿಗೆ ಹೋಗ್ತದ. ಬಡ್ಡಿ ಕಟ್ಟಾಕ ನಾ ರೊಕ್ಕ ಕೊಟ್ರ ನಾನೂ ಗುನಾಹದಾಗ ಪಾಲುದಾರ ಆದೆ. ಹೌದಲ್ಲೊ?”

“ಹೌದ್ರಿ.”

“ಅದಕ್ಕ ಐದು ಕೊಡಂಗಿಲ್ಲ. ನೂರು ಕೊಡ್ತೇನಿ. ಒಮ್ಮೆಲೆ ಆ ಸಾವಕಾರನ ಮಾರಿ ಮ್ಯಾಲ ಒಗದು ಮನಿ ಬಿಡಿಸಿಕೊಂಡು ಬಾ. ನನಗ ಬಡ್ಡಿ ಬ್ಯಾಡ, ನಿಂಗ ಆದಾಗ ಕೊಡು.”

ಮೌಲಾಸಾಬ ಆ ದಿನ ಜಗಲಿಯಿಂದ ಇಳಿದು ಬಂದದ್ದು ಹಾರಿಕೊಂಡಂತೆ. ಹದಿನಾರು ಕಂತು ಉಳಿದಿತ್ತು, ಎಂಬತ್ತು ರೂಪಾಯಿ. ನೂರರಲ್ಲಿ ಮನೆ ಬಿಡುತ್ತದೆ, ಇಪ್ಪತ್ತು ಉಳಿಯುತ್ತದೆ. ಆ ಇಪ್ಪತ್ತರಲ್ಲಿ ಕಳ್ಳಪೇಟೆಯ ತವರ ಎಷ್ಟು ಬಂದೀತೆಂದು ದಾರಿಯುದ್ದಕ್ಕೂ ಮಗನಿಗೆ ಲೆಕ್ಕ ಹೇಳಿದ.

ಮುಂದಿನ ಜುಮ್ಮಾಕ್ಕೆ ಹೋದ. ಪುಣೆಯಿಂದ ದುಡ್ಡಿನ ಹುಂಡಿ ಬಂದಿಲ್ಲವೆಂದ ಸೇಠ. ಅದರ ಮುಂದಿನ ಜುಮ್ಮಾಕ್ಕೆ ಸೇಠ ಸೊಲ್ಲಾಪುರಕ್ಕೆ ಹೋಗಿದ್ದ. ಮಾರ್ಚಿನಲ್ಲಿ ಒಂದು ದಿನ ಸೇಠ ಹತ್ತು ಜನರ ಮುಂದೆ ಮೌಲಾಸಾಬನ ಹೆಗಲ ಮೇಲೆ ಕೈ ಹಾಕಿ, “ಇವನ ಮನಿ ನಾ ಬಿಡಸಾಕತ್ತೇನಿ,” ಎಂದ. ಹತ್ತೂ ಜನ ಮಾಷಾಅಲ್ಲಾ ಎಂದರು. ಆ ಮೇಲೆ ಓಣಿಯಲ್ಲಿ ಬೇರೆ ಯಾರ ಹತ್ತಿರ ಹೋಗಿ ಎರಡು ರೂಪಾಯಿ ಕೇಳಿದರೂ ಒಂದೇ ಉತ್ತರ: “ನಿನಗೇನೊ ಚಿಂತಿ? ಸೇಠ ಬಿಡಸಾಕತ್ತಾನ.”

ದಸ್ತಗೀರ ಒಮ್ಮೆ ಕೇಳಿದ್ದ. “ಅಬ್ಬಾ, ಅಂವ ಕೊಡತಾನಂತ ನಿನಗ ಖರೇನ ಅನಸ್ತದೇನು?”

“ಕೊಡೂದಿಲ್ಲಂತ ಅಂವ ಎಲ್ಲಿ ಅಂದಾನ?” ಎಂದಿದ್ದ ಮೌಲಾಸಾಬ.

*

ಜನಾಜಾ ಎತ್ತುವ ಮೊದಲು ತಿಕೋಟಾದ ತಿಪ್ಪವ್ವ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ. ತಿಕೋಟಾದಲ್ಲಿ ಬಂಡಿ ಹೊಡೆಯುವವರಿಗೆ, ಸಂತೆಗೆ ಬಂದವರಿಗೆ ರೊಟ್ಟಿ ಊಟದ ಖಾನಾವಳಿ ನಡೆಸುತ್ತಿದ್ದಳು. ಮುಂಜಾನೆಯ ಬಸ್ಸಿನ ಕಂಡಕ್ಟರ ಸುದ್ದಿ ಮುಟ್ಟಿಸಿದ್ದ. ಒಲೆ ಆರಿಸಿ ಬಂದಿದ್ದಳು.

ಹೆಂಗಸರು ದಾರಿ ಬಿಟ್ಟರು. ಅವಳು ಹೆಣದ ಮುಖ ನೋಡಿದಳು, ಅಳಲಿಲ್ಲ. “ಒಣಗಿ ಕೊರಡಾಗ್ಯಾನಲ್ಲ,” ಎಂದು ಸಕೀನಾಳ ಪಕ್ಕದಲ್ಲಿ ಕೂತಳು. ಮೂಲೆಯಲ್ಲಿ ಅವಳದೇ ಒಂದು ತಾಮ್ರದ ಹಂಡೆ ಬೋರಲು ಬಿದ್ದಿತ್ತು. ಅದನ್ನೊಮ್ಮೆ ನೋಡಿದಳು.

ಗಂಡಸರು ಕಲಿಮಾ ಹೇಳುತ್ತ ಹೆಗಲು ಬದಲಾಯಿಸುತ್ತ ಓಣಿ ದಾಟಿದರು. ಹಿಂದೆ ಸ್ವಲ್ಪ ದೂರದಲ್ಲಿ ಬಸಗೊಂಡಪ್ಪ, ಚಹಾದಂಗಡಿಯ ಗುರಣ್ಣ, ಇನ್ನು ಇಬ್ಬರು ನಡೆದರು.

*

ತಿಪ್ಪವ್ವ ಮೌಲಾಸಾಬನಿಗೆ ಕೊಟ್ಟದ್ದು ದಾನವಲ್ಲ. ಡಿಸೆಂಬರಿನಲ್ಲಿ ಅವನು ಬರಿಗೈಯಲ್ಲಿ ಖಾನಾವಳಿಯ ಮುಂದೆ ಕೂತಿದ್ದ. ಅವಳು ಕಲಾಯಿ ಹೋದ ಪಾತ್ರೆಗಳನ್ನು ಹೊರಗೆ ತಂದು ಸಾಲಾಗಿ ಇಟ್ಟಳು. ಹುಳಿ ಹಾಕಿದರೆ ಕಿಲುಬು ಏಳುತ್ತಿತ್ತು. ಹಿಂದಿನ ವಾರ ಒಬ್ಬ ಬಂಡಿಯವನು ಉಂಡದ್ದನ್ನೆಲ್ಲ ವಾಂತಿ ಮಾಡಿದ್ದ.

“ತವರ ಇಲ್ಲ ತಿಪ್ಪಕ್ಕ.”

“ಇವತ್ತಿಲ್ಲ. ಲಡಾಯಿ ಸಾಯೂತನಕ ಇರತದೇನು? ಬಂದ ಮ್ಯಾಲ ನೀ ಎಷ್ಟು ಕೇಳ್ತಿ?”

“ಆವಾಗಿನ ರೇಟು ಆವಾಗ.”

“ಅದ ಬ್ಯಾಡ. ಹಳೆ ರೇಟಿಗೆ ಈಗ ಕೊಡ್ತೇನಿ. ಹತ್ತು ರೂಪಾಯಿ. ತವರ ಬಂದ ದಿನ ಮೊದಲ ನನ್ನ ಪಾತ್ರಿ ಆಗಬೇಕು. ಆಮ್ಯಾಲ ಊರವರವು.”

ಮೌಲಾಸಾಬ ತಲೆಯಾಡಿಸಿದ. ಹಂಡೆಯ ಹೊಟ್ಟೆ ಬೆಳ್ಳಗೆ ತೋರಿಸದೆ ಕಲಾಯಿಗಾರ ಕೈ ಚಾಚಬಾರದು. ಅವನಪ್ಪ ಅವನಿಗೆ ಕಲಿಸಿದ್ದು ಅದು.

“ಮನಿ ಗಹಾಣ ಐತಂತಿ, ಹಪ್ತೆ ಕಟ್ಟೂದೈತಿ ಅಂತಿ, ಮತ್ತ ಮಾರಿ ಬ್ಯಾರೆ ತಿರವತಿ. ತಗೊ. ನನಗೂ ಲಾಭ ಐತಿ, ಪುಗಸಟ್ಟೆ ಕೊಡಾಕತ್ತಿಲ್ಲ.”

ಡಿಸೆಂಬರಿನ ಕಂತು, ಜನವರಿಯ ಕಂತು ಹಾಗೆ ತೀರಿದವು. ಒಂದು ಹಂಡೆಯನ್ನು ಅವನು ಹೊತ್ತು ಮನೆಗೆ ತಂದ, ತಾಮ್ರ ತಿಕ್ಕಿಯಾದರೂ ಇಡುತ್ತೇನೆಂದು. ಮನೆಯಲ್ಲಿ ಕೇಳಿದರೆ ಕೆಲಸಕ್ಕೆ ಬಂದದ್ದೆಂದ. ಮಾಡದ ಕೆಲಸಕ್ಕೆ ದುಡ್ಡು ತಿಂದೆನೆಂದು ಹೆಂಡತಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ.

*

ಕಬರಸ್ತಾನದ ಬಯಲಿನಲ್ಲಿ ನಾಲ್ಕು ಸಾಲು ನಿಂತಿತು. ಹಿಂದೂ ಜನ ಕುಸಿದ ಗೋಡೆಯ ಆಚೆ ಬೇವಿನ ನೆರಳಿಗೆ ನಿಂತರು. ಅಲ್ಲಿಗೆ ಈಚೆಯ ಮಾತು ಸ್ಪಷ್ಟ ಕೇಳುತ್ತಿತ್ತು.

ನಮಾಜಿಗೆ ಮೊದಲು ಒಂದು ಮಾತು ಕೇಳುವುದು ರೂಢಿ. ಸತ್ತವನು ಕೊರಳಿಗೆ ಸಾಲ ಕಟ್ಟಿಕೊಂಡು ಹೋಗಬಾರದೆಂದು. ಮುಲ್ಲಾ ದಸ್ತಗೀರನನ್ನು ಮುಂದೆ ಕರೆದು ನಿಲ್ಲಿಸಿದ.

“ಮರಹೂಮ್ ಮೌಲಾಸಾಬನ ಮ್ಯಾಲ ಯಾರದರ ಕರ್ಜ ಇದ್ರ ಈಗ ಹೇಳಬೇಕು. ಮಗ ಜಿಮ್ಮಾ ತಗೋತಾನ. ಮಾಫ್ ಮಾಡೋರು ಮಾಫ್ ಮಾಡ್ರಿ, ಸವಾಬು ಸಿಗತದ.”

“ನಾ ಜಿಮ್ಮಾ ಅದೀನ್ರಿ,” ಎಂದ ದಸ್ತಗೀರ. ಹೇಳಬೇಕಾದ ಮಾತು ಅಷ್ಟೇ.

ಸಾಮಾನ್ಯವಾಗಿ ಯಾರೂ ಬಾಯಿ ಬಿಡುವುದಿಲ್ಲ. ಮುಲ್ಲಾ ಒಂದು ಉಸಿರು ತಡೆದು ನಮಾಜು ಶುರುಮಾಡುತ್ತಾನೆ. ಆ ದಿನ ಮೊದಲ ಸಾಲಿನಿಂದ ಅಬ್ದುಲಸಮದ ಸೇಠ ಒಂದು ಹೆಜ್ಜೆ ಮುಂದೆ ಬಂದ.

“ನೂರು ರೂಪಾಯಿ,” ಎಂದ. ಜನಾಜಾದ ಮೇಲೆ ಕೈ ಇಟ್ಟ. “ಮನಿ ಬಿಡಿಸಿಕೊಳ್ಳಂತ ಕೊಟ್ಟಿದ್ದೆ. ಪಾಪ, ಅವನ ಕಡಿಂದ ಆಗಲಿಲ್ಲ. ಅಲ್ಲಾನ ಹೆಸರ ಮ್ಯಾಲ ಮಾಫ್ ಮಾಡೀನಿ.”

ಸಾಲುಗಳಲ್ಲಿ ಸುಭಾನಲ್ಲಾ ಎಂಬ ಗುಜುಗುಜು ಎದ್ದಿತು. ಕೊಡುತ್ತೇನೆಂದು ಅವನು ಎಷ್ಟು ಸಲ, ಎಷ್ಟು ಜನರ ಮುಂದೆ ಹೇಳಿದ್ದನೆಂದರೆ ಕೊಟ್ಟೆನೆಂದೇ ಅವನಿಗೆ ಅನ್ನಿಸಿದ್ದರೂ ಅನ್ನಿಸಿರಬಹುದು.

ಸೇಠನ ನಂತರ ಸುಮ್ಮನೆ ನಿಲ್ಲುವುದು ಉಳಿದವರಿಗೆ ಕಷ್ಟವಾಯಿತು. ಲಾಲಸಾಬ ಬಳೆಯ ಬಾಕಿ ಎಂಟು ರೂಪಾಯಿ ಮಾಫ್ ಮಾಡಿದ. ಆ ಬಳೆಗಳ ದುಡ್ಡು ಲಗ್ನದ ವಾರವೇ ಅವನ ಕೈ ಸೇರಿತ್ತು. ಇನ್ನೊಬ್ಬ ಒಂದು ಆಡಿನ ಬೆಲೆ ಹನ್ನೆರಡು ರೂಪಾಯಿ ಬಿಟ್ಟುಕೊಟ್ಟ. ಮೌಲಾಸಾಬ ಜನ್ಮದಲ್ಲಿ ಆಡು ಕೊಂಡವನಲ್ಲ. ಮತ್ತೊಬ್ಬ ಯಾತಕ್ಕೆಂದು ಹೇಳದೆ ಇಪ್ಪತ್ತೈದು ಎಂದ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕನಿಗೆ ಏನೂ ಹೊಳೆಯದೆ, “ನಂದೂ ಏನರ ಇದ್ರ ಮಾಫ್,” ಎಂದು ಕೂಗಿದ.

ದಸ್ತಗೀರ ಗೋಡೆಯ ಕಡೆ ನೋಡಿದ. ಬೇವಿನ ಕೆಳಗೆ ಬಸಗೊಂಡಪ್ಪ ಕೂತಿದ್ದವನು ಎದ್ದು ನಿಂತಿದ್ದ.

“ಮುಲ್ಲಾಸಾಬ್ರ,” ಎಂದ ದಸ್ತಗೀರ, “ಒಂದು ಮಾತು—”

“ಮಾಫ್ ಆತು ಬೇಟಾ. ನಿಮ್ಮಪ್ಪನ ಕೊರಳು ಹಗುರಾತು. ಸಾಲು ಸೀದಾ ಮಾಡ್ರಿ!”

ಮುಲ್ಲಾ ಕೈ ಎತ್ತಿ ಅಲ್ಲಾಹು ಅಕ್ಬರ್ ಎಂದ. ಎಲ್ಲರೂ ಕೈ ಎತ್ತಿದರು. ದಸ್ತಗೀರನೂ ಎತ್ತಿದ.

*

ಮಣ್ಣು ಕೊಟ್ಟು ಬಂದವರು ಬಾಗಿಲಲ್ಲಿ ಕೈಕಾಲು ತೊಳೆದುಕೊಂಡು ಚದುರುವ ತನಕ ಬಸಗೊಂಡಪ್ಪ ಕಟ್ಟೆಯ ಹತ್ತಿರ ಕಾದ. ಈ ಸಲ ಕೂರಲಿಲ್ಲ.

“ಒಂದು ದುಗ್ಗಾಣಿ ಇಲ್ಲಂದಿ.”

“ಇಲ್ರಿ. ಅವರು ಸುಳ್ಳ ಹೇಳ್ಯಾರ.”

“ಯಾರು? ಸೇಠ?”

“ಹೌದ್ರಿ. ಒಂದು ಪೈಸಾ ಕೊಟ್ಟಿಲ್ಲ ಅಂವ.”

“ಗೋರಿ ಮುಂದ ನಿಂತು ಸುಳ್ಳ ಹೇಳಿದಾ? ಹಂಗಂದ್ರ ಅಲ್ಲೇ ಯಾಕ ಅನಲಿಲ್ಲ ನೀ?”

ಅಷ್ಟರಲ್ಲಿ ಸೇಠ ಇಬ್ಬರ ಜೊತೆ ಓಣಿ ದಾಟುತ್ತಿದ್ದದ್ದು ಕಂಡಿತು. ದಸ್ತಗೀರ ಓಡಿಹೋಗಿ ಅವನ ಮುಂದೆ ನಿಂತ.

“ಸೇಠರ, ಸಾವಕಾರ್ರಿಗೆ ಖರೇ ಹೇಳ್ರಿ. ನೀವು ಅಬ್ಬಾಗ ನೂರು ರೂಪಾಯಿ ಕೊಟ್ಟಿಲ್ಲ. ಕೊಡ್ತೇನಂದಿದ್ರಿ. ಕೊಟ್ಟಿಲ್ಲ.”

ಜೊತೆಯಲ್ಲಿದ್ದವರು ಸೇಠನ ಮುಖ ನೋಡಿದರು. ಸೇಠ ಕಣ್ಣು ಕೆಳಗೆ ಮಾಡಿದ. “ಆ ಮಾತು ಬಿಡು ಬೇಟಾ. ಮಾಫ್ ಮಾಡಿದ್ದನ್ನ ತಿರುಗಿ ಎಣಸಬಾರದು.” ಬಸಗೊಂಡಪ್ಪನ ಕಡೆ ತಿರುಗಿ, “ಹುಡುಗಗ ದುಃಖ ತಲಿಗೇರೈತಿ, ಮನಸಿಗೆ ಹಚ್ಚಿಕೋಬ್ಯಾಡ್ರಿ,” ಎಂದು ಮುಂದೆ ಹೋದ.

“ನೋಡಿದೆಲ್ಲೊ,” ಎಂದ ಬಸಗೊಂಡಪ್ಪ. “ನನ್ನ ಹಪ್ತೆ ಕಟ್ಟಂತ ನೂರು ರೂಪಾಯಿ ಇಸಗೊಂಡಾನ. ಅದರಾಗ ನನಗ ಒಂದು ಹಪ್ತೆನೂ ಮುಟ್ಟಿಲ್ಲ. ಎಲ್ಲಿ ಹೋತು ಆ ರೊಕ್ಕ?”

“ಬಂದಿದ್ರ ಹೋಗತಿತ್ರಿ. ಬಂದಽ ಇಲ್ಲ. ಸಾವಕಾರ್ರ, ಇವರೆಲ್ಲ ಹೆಸರು ಮಾಡ್ಕೊಳ್ಳಾಕ ಹೇಳ್ಯಾರ. ಅಬ್ಬಾನ ಕೈಗೆ ಯಾರೂ ಏನೂ ಕೊಟ್ಟಿಲ್ಲ. ನನ್ನ ಮಾತು ಕೇಳ್ರಿ. ಯಾರಿಗೂ ಏನೂ ಕೊಡೂದಿಲ್ಲ ನಾವು.”

ಬಸಗೊಂಡಪ್ಪ ಕೆಟ್ಟವನಲ್ಲ. ಮುಂಜಾನೆ ಕೊಟ್ಟ ಮಾತು ಮುರಿಯಲು ಅವನಿಗೂ ಸಂಕೋಚವಿತ್ತು. “ಖರೇನ ಹೇಳಾಕತ್ತೀಯೇನು?” ಎಂದು ಇನ್ನೊಮ್ಮೆ ಕೇಳಿದ. ಅವನ ದನಿ ಇಳಿದಿತ್ತು. ಆಗ ಬಾಗಿಲಿನಿಂದ ತಿಪ್ಪವ್ವ ಹೊರಗೆ ಬಂದಳು, ಕೊನೆಯ ಬಸ್ಸಿಗೆ ಹೊರಡಲೆಂದು. ಗಂಡಸರ ಮಾತು ಒಳಗೆ ಹೆಂಗಸರ ಅಳುವಿನಲ್ಲಿ ಅವಳಿಗೆ ಕೇಳಿರಲಿಲ್ಲ.

“ನೀವು ಯಾವೂರವರವ್ವ?” ಎಂದ ಬಸಗೊಂಡಪ್ಪ. ಓಣಿಯ ಈ ತುದಿಯಲ್ಲಿ ಹಣೆಯ ತುಂಬ ವಿಭೂತಿ ಕಂಡು ಅವನಿಗೆ ಆಶ್ಚರ್ಯವಾಗಿತ್ತು.

“ತಿಕೋಟಾದವಳ್ರಿ. ಖಾನಾವಳಿ ಐತಿ.”

“ಮೌಲಾಸಾಬಗ ನಿಮ್ಮದೇನರ ಕೊಡೂದು ತಗೊಳ್ಳೂದು ಇತ್ತೇನು?”

“ಇತ್ರೀ,” ಎಂದಳು ತಿಪ್ಪವ್ವ. ಅವಳ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. “ಹತ್ತು ರೂಪಾಯಿ ಕೊಟ್ಟಿದ್ದೆ. ಮನಿ ಹಪ್ತೆಗೆ ಅಡಚಣಿ ಇತ್ತವಗ. ಎಲ್ಲಾರೂ ಮಾತಿನ್ಯಾಗ ಕೊಟ್ರ ನಾ ಕೈಯಾಗ ಕೊಟ್ಟೆ.”

ದಸ್ತಗೀರ ಗಕ್ಕನೆ ಅವಳ ಕಡೆ ತಿರುಗಿದ.

“ನಿನಗ ಗೊತ್ತಿರಲಿಲ್ಲ?” ಎಂದು ಬಸಗೊಂಡಪ್ಪ ಅವನನ್ನು ಕೇಳಿದ. ದಸ್ತಗೀರ ಇಲ್ಲವೆಂದು ತಲೆಯಾಡಿಸಿದ. “ನೋಡು. ನಿನಗಽ ಗೊತ್ತಿಲ್ಲ. ನೀ ಅಲ್ಲಾನ ಆಣಿ ಮಾಡಿದಿ. ನಿಂದು ತಪ್ಪಂತ ನಾ ಅನ್ನಂಗಿಲ್ಲ. ಆದ್ರ ಸಾರವಾಡದಾಗ ಯಾರದಾರೊ, ಬಬಲೇಶ್ವರದಾಗ ಎಷ್ಟು ಮಂದಿ ಅದಾರೊ! ಇವತ್ತ ಮಣ್ಣಿಗೆ ಬಂದವರು ಮಾಫ್ ಮಾಡ್ಯಾರ. ಬರದವರು ಕೋರ್ಟಿಗೆ ಹೋಗ್ತಾರ. ನಾ ಮತ್ತೊಮ್ಮೆ ಬಾಗಲದಾಗ ನಿಂದರಾಂವಲ್ಲ.”

“ಸಾವಕಾರ್ರ, ಮುಂಜಾನಿ ಮಾತು ಕೊಟ್ಟೀರಿ.”

“ಮುಂಜಾನಿ ನೀನೂ ಕೊಟ್ಟಿ.” ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡ. “ಮೂರು ದಿನದ ಕೆಲಸ ಮುಗೀಲಿ. ಆಮ್ಯಾಲ ಗುಮಾಸ್ತನ್ನ ಕಳಸ್ತೇನಿ.”

ಅವನು ಓಣಿಯ ತಿರುವು ದಾಟಿದ. ತಿಪ್ಪವ್ವ ಒಬ್ಬೊಬ್ಬರ ಮುಖ ನೋಡಿದಳು. “ಯಾಕ? ಏನಾತು? ನಾ ಖರೇನ ಹೇಳಿದ್ನೆಲ್ಲೊ ತಮ್ಮಾ?”

“ಖರೇ ಹೇಳಾಕ ಇದಽ ಹೊತ್ತು ಸಿಕ್ಕಿತ್ತೇನ ಬೇ ನಿನಗ?” ಎಂದಳು ಪೀರಾಂಬಿ. “ಊರೆಲ್ಲ ಸುಳ್ಳ ಹೇಳಿ ಮನಿ ಸುಟ್ಟು ಹೋಗ್ಯಾರ. ನೀ ಬಂದು ಬೂದಿ ಹಾರಿಸಿದಿ.”

ಸಕೀನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಗಂಡ ಸತ್ತ ಮೇಲಿನ ಇದ್ದತ್ತಿನ ದಿನಗಳಲ್ಲಿ ಅವಳು ಹೊಸ್ತಿಲು ದಾಟುವಂತಿರಲಿಲ್ಲ. “ಆಕೀನ ಬಯ್ಯಬ್ಯಾಡ,” ಎಂದಳು. “ಆಕಿ ಹಂಡೆ ಕೊಟ್ಟು ಕಳಸು, ಬಸ್ಸು ಹೋಗ್ತದ.”

ದಸ್ತಗೀರ ಒಳಗಿನಿಂದ ಹಂಡೆ ತಂದು ಕೊಟ್ಟ. ಒಳಗೆ ಕೆಂಪಗೆ ತಿಕ್ಕಿಟ್ಟಿತ್ತು, ಅಷ್ಟೇ. ತಿಪ್ಪವ್ವ ಅದನ್ನು ತಲೆಯ ಮೇಲಿಟ್ಟುಕೊಂಡು ಬಸ್ಸಿನ ಕಡೆ ಹೋದಳು.

*

ಮೂರನೆಯ ದಿನ ಜಿಯಾರತಿನ ಊಟ ಚೆನ್ನಾಗಿ ಆಯಿತು. ಕೂಡಿಸಿದ ನಲವತ್ತರಲ್ಲಿ ಗೋರಿಯ ಖರ್ಚು ಕಳೆದು ಉಳಿದದ್ದಕ್ಕೆಲ್ಲ ಅಕ್ಕಿ, ಮಾಂಸ ಬಂದಿತ್ತು. ಅರವತ್ತು ಜನ ಉಂಡರು. ಉಳಿದ ದುಡ್ಡು ಕಂತಿಗೆ ಕೊಡಿ ಎಂದು ದಸ್ತಗೀರ ಹಿಂದಿನ ದಿನ ಕೇಳಿದ್ದ. ಸತ್ತವನ ಹೆಸರಿನ ಅನ್ನ ಸಾವಕಾರನ ಪೆಟ್ಟಿಗೆಗೆ ಹಾಕಬೇಕೇನೋ ಎಂದು ಲಾಲಸಾಬ ಗದರಿಸಿದ್ದ. ಊಟದ ಪಂಕ್ತಿಯಲ್ಲಿ ಎಲ್ಲರೂ ಸೇಠನ ದೊಡ್ಡ ಮನಸ್ಸಿನ ಮಾತೇ ಆಡಿದರು. ಸೇಠ ಕೈಯಾಡಿಸಿ, ಬೇಡ ಬೇಡ ಎಂದ.

ಕೊನೆಯ ಪಂಕ್ತಿ ಏಳುತ್ತಿದ್ದಾಗ ಬಸಗೊಂಡಪ್ಪನ ಗುಮಾಸ್ತ ಅಮರಪ್ಪ ಬಂದ. ಉಣ್ಣು ಎಂದರೆ, ತನಗೆ ನಡೆಯುವುದಿಲ್ಲವೆಂದ. ಎಂಜಲು ತಟ್ಟೆಗಳನ್ನು ದಾಟಿಕೊಂಡು ಒಳಗೆ ಹೋಗಿ, ಚಾವಣಿ ನೋಡುತ್ತ, ಬೆರಳು ಮಡಚುತ್ತ, ಕಬಜಾದ ಪಟ್ಟಿಗೆಂದು ಬಾಯಿಬಿಟ್ಟು ಎಣಿಸಿದ. ಪರದೆಯ ಹಿಂದೆ ಕೂತ ಸಕೀನಾಳಿಗೆ ಎಲ್ಲ ಕೇಳಿಸುತ್ತಿತ್ತು.

ಪಡಸಾಲೆ ಒಂದು. ಕೋಣೆ ಎರಡು. ಕಂಬ ನಾಲ್ಕು. ಜಂತಿ ಹನ್ನೊಂದು, ಅದರಲ್ಲಿ ಎರಡಕ್ಕೆ ಗೆದ್ದಲು. ಬಾಗಿಲು ಮೂರು, ಕಿಟಕಿ ಒಂದು. ಕಟ್ಟಿದ ಕಂತು ಐವತ್ತಾರು.